ಸಮಿತಿಯವರ ಪೂರ್ವಾಪರ

ಅಲ್ಲ ಇವರೇ, ಆ ‘ಸುಪ್ರಸಿದ್ಧ’ ಅನ್ನೋದನ್ನ ಮೊದಲು ತೆಗೆದುಬಿಡಿ. ಸುಪ್ರಸಿದ್ಧರಾಗಿದ್ರೆ ನೀವು ನಿಂತು ಪರಿಚಯ ಯಾಕೆ ಓದ್ಬೇಕಾಗಿತ್ತು? ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಮುನ್ನೂರು ಮಕ್ಕಳು ಕೂತಿರ್ತಾರೆ, ಊಟ ಆಗಿರುತ್ತೆ, ಕಣ್ಣು ಎಳೀತಿರುತ್ತೆ... ಒಬ್ಬೊಬ್ಬರಿಗೆ ನಾಲ್ಕು ಸಾಲು ಸಾಕು. ಮೂರು ಜನ, ಹನ್ನೆರಡು ಸಾಲು. ನಿಮ್ಮ ಕುಲಸಚಿವರು ಏನಂದ್ರು? ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯೋಕೆ ಬಂದಿರೋ ಪ್ರೊಫೆಸರುಗಳು ಯಾರು, ಹಿಂದೆ ಏನಾಗಿದ್ರು, ಮಕ್ಕಳಿಗೆ ಗೊತ್ತಾಗಲಿ ಅಂದ್ರು ತಾನೇ? ನ್ಯಾಯವಾದ ಮಾತು. ತೂಗೋರನ್ನೂ ಒಂದು ಸಲ ತೂಗಬೇಕು. ಉಳಿದಿಬ್ಬರು ಊಟ ಮುಗಿಸಿ ಅತಿಥಿಗೃಹದಲ್ಲಿ ಉರುಳಿಕೊಂಡಿದ್ದಾರೆ. ಅವರದ್ದೂ ನಾನೇ ಹೇಳ್ತೀನಿ, ನೀವು ಟೈಪ್ ಮಾಡ್ಕೊಳ್ಳಿ. ಇವರ ಜೊತೆ ಎಷ್ಟು ಊರು ಸುತ್ತಿದ್ದೀನಿ ಅಂದ್ರೆ, ಯಾರು ಯಾವ ಮಾತ್ರೆ ಎಷ್ಟು ಗಂಟೆಗೆ ತಗೋತಾರೆ ಅನ್ನೋದೂ ಗೊತ್ತು ನನಗೆ.

ಬರೀರಿ. ಅಧ್ಯಕ್ಷರು. ಎರಡು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿದ್ದವರು. ಅದಕ್ಕೂ ಮುಂಚೆ... ಪಶುವೈದ್ಯರು. ಹೌದು ಕಣ್ರೀ, ದನದ ಡಾಕ್ಟ್ರು. ನಗ್ತಾ ಇದ್ದೀರಿ... ನಗಿ ನಗಿ, ಪರವಾಗಿಲ್ಲ, ಅವರೇ ಹೇಳ್ಕೊಂಡು ನಗ್ತಾರೆ. ಹನ್ನೊಂದು ವರ್ಷ ಸೈಕಲ್ ಮೇಲೆ ಹಳ್ಳಿ ತಿರುಗಿದವರು. ಬೆಳಿಗ್ಗೆ ನಿಮ್ಮ ಕುಲಪತಿಗಳ ಕೈ ಕುಲುಕಿದ್ರಲ್ಲ, ಆಗ ಅವರ ಮುಖ ನೋಡಿದ್ರಾ? ಎದುರಿಗೆ ಯಾರು ಬಂದ್ರೂ ಮೊದಲು ಹಲ್ಲು ನೋಡ್ತಾರೆ. ವಯಸ್ಸು ಹಾಗೇ ಗೊತ್ತಾಗಿಬಿಡುತ್ತಂತೆ. ಆಮೇಲೆ ಎಲ್ಲಿಗೆ ಹೋದ್ರೂ ಸೀದಾ ಹಾಸ್ಟೆಲ್ ಅಡುಗೆಮನೆ. ಮೇವು ಸರಿ ಇಲ್ಲದ ಕೊಟ್ಟಿಗೇಲಿ ಹಾಲು ಹುಡುಕಬಾರದು ಅಂತಾರೆ. ಅದನ್ನ ಹಾಕಬೇಡಿ ಮತ್ತೆ. ‘ವಿದ್ಯಾರ್ಥಿಗಳ ಕ್ಷೇಮದಲ್ಲಿ ವಿಶೇಷ ಆಸಕ್ತಿ’ ಅಂತ ಹಾಕಿ. ಅರ್ಥ ಒಂದೇ.

ಎರಡನೆಯವರು, ಅಂಕಿಸಂಖ್ಯಾಶಾಸ್ತ್ರದ ಪ್ರೊಫೆಸರು. ಕಪ್ಪು ಕೋಟು, ಮಾತಿಲ್ಲ ಕತೆ ಇಲ್ಲ, ಅವರೇ. ಓದೋ ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ರು ಕಣ್ರೀ. ಸಂಜೆ ಕಾಲೇಜಲ್ಲಿ ಓದಿ, ಹಗಲು ಟಿಕೆಟ್ ಹರಿದು... ಅದಕ್ಕೇ ಈಗಲೂ ಯಾವ ಕೋಣೆಗೆ ಕಾಲಿಟ್ರೂ ತಲೆ ಎಣಿಸ್ತಾರೆ. ಹೋದ ವರ್ಷ ಒಂದು ಕಡೆ ‘ನಮ್ಮಲ್ಲಿ ಅರವತ್ತು ಜನ ಅಧ್ಯಾಪಕರು’ ಅಂದ್ರು. ಇವರು ಸುಮ್ಮನೆ ಊಟದ ಮನೆ ಬಾಗಿಲಲ್ಲಿ ನಿಂತ್ಕೊಂಡು, ‘ಮೂವತ್ತೇಳು. ಅದರಲ್ಲಿ ಇಬ್ಬರು ಎರಡು ಸಲ ಬಂದ್ರು’ ಅಂದ್ರು. ಅಷ್ಟೇ. ಆ ಪ್ರಾಂಶುಪಾಲರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳೀತು.

ನೋಡಿ, ನೀವು ನಗೋದು ಚೆನ್ನಾಗಿದೆ. ಬೆಳಿಗ್ಗೆಯಿಂದ ಮುಖ ಬಿಗಿದುಕೊಂಡು ಫೈಲ್ ಹಿಡ್ಕೊಂಡು ನಮ್ಮ ಹಿಂದೆ ಓಡಾಡ್ತಿದ್ರಲ್ಲ, ಇವರಿಗೆ ನಗು ಬರುತ್ತೋ ಇಲ್ವೋ ಅಂದ್ಕೊಂಡಿದ್ದೆ.

ಇನ್ನು ನಾನು. ಸಸ್ಯಶಾಸ್ತ್ರ. ಆದ್ರೆ ಸಮಿತೀಲಿ ನನ್ನ ಕೆಲಸ ಗಿಡ ನೋಡೋದಲ್ಲ, ಸುಳ್ಳು ಹಿಡಿಯೋದು. ಅಧ್ಯಕ್ಷರು ಹಾಗೇ ಹೇಳಿ ಕಳಿಸ್ತಾರೆ, ‘ಅಮ್ಮಾ, ನೀವೊಂದು ಸುತ್ತು ಹೋಗಿಬನ್ನಿ’ ಅಂತ. ನನಗೆ ವಾಸನೆ ಬಂದುಬಿಡುತ್ತೆ. ಗ್ರಂಥಾಲಯದಲ್ಲಿ ಪುಸ್ತಕ ತೆಗೆದು ಮೊಹರಿನ ಮೇಲೆ ಬೆರಳು ಒರೆಸ್ತೀನಿ. ಶಾಯಿ ಬೆರಳಿಗೆ ಬಂತೋ, ಅದು ನಿನ್ನೆ ಬಂದ ಪುಸ್ತಕ. ತರಗತೀಲಿ ಹುಡುಗರು ಕಿಕ್ಕಿರಿದು ಕೂತಿದ್ರೆ ಒಂದೇ ಪ್ರಶ್ನೆ, ‘ಮಗೂ, ಕುಡಿಯೋ ನೀರಿನ ನಲ್ಲಿ ಎಲ್ಲಿದೆ?’ ಪಕ್ಕದ ಕಾಲೇಜಿಂದ ಕರ್ಕೊಂಡು ಬಂದವರಾದ್ರೆ ಮುಖ ಮುಖ ನೋಡ್ತಾರೆ.

ಒಂದು ಕಾಲೇಜಿನ ಕತೆ ಹೇಳ್ತೀನಿ ಕೇಳಿ, ಇದನ್ನ ಎಲ್ಲಾ ಕಡೆ ಹೇಳ್ತೀನಿ ನಾನು. ಸಸ್ಯಶಾಸ್ತ್ರ ವಿಭಾಗ, ಲ್ಯಾಬಿದೆ, ಮೇಜಿದೆ, ಮೈಕ್ರೋಸ್ಕೋಪ್ ಒಂದೂ ಇಲ್ಲ. ನಾಳೆ ಪರಿಶೀಲನಾ ಸಮಿತಿ. ಏನು ಮಾಡಿದ್ರು ಗೊತ್ತಾ? ಊರಾಚೆಯ ಹೈಸ್ಕೂಲಿಂದ ಹದಿನೆಂಟು ಮೈಕ್ರೋಸ್ಕೋಪ್ ಎರವಲು ತಂದ್ರು. ಬೆಳಿಗ್ಗೆ ಬೆಳಿಗ್ಗೆ, ಹಳೇ ಬೆಡ್‌ಶೀಟಲ್ಲಿ ಸುತ್ತಿ, ಆಟೋದಲ್ಲಿ ಎರಡು ಟ್ರಿಪ್ಪು. ಒಂದೊಂದರ ಬುಡದಲ್ಲೂ ಸ್ಕೂಲಿನ ಹೆಸರು, ಕೆಂಪು ಬಣ್ಣದಲ್ಲಿ. ಅಲ್ಲೊಬ್ಬಳು ಹೊಸ ಲೆಕ್ಚರರ್ ಹುಡುಗಿ, ಸೀಮೆಎಣ್ಣೆ ಬಟ್ಟೆ ಹಿಡ್ಕೊಂಡು ಹದಿನೆಂಟನ್ನೂ ಉಜ್ಜಿ ಉಜ್ಜಿ... ಸಮಿತಿ ಬರೋ ಹೊತ್ತಿಗೆ ಲ್ಯಾಬೆಲ್ಲ ಸೀಮೆಎಣ್ಣೆ ವಾಸನೆ. ಆ ಸಮಿತಿಯ ಅಧ್ಯಕ್ಷರು ಮೂಗು ಮುಚ್ಕೊಂಡು ‘ಇದೇನಮ್ಮ’ ಅಂದ್ರೆ, ಅವಳು ಥಟ್ಟಂತ, ‘ಗೆದ್ದಲು ಸಾರ್, ಮೊನ್ನೆ ತಾನೇ ಔಷಧಿ ಹೊಡೆಸಿದ್ವಿ’ ಅಂದಳಂತೆ. ಕಾಲೇಜಿಗೆ ಮೊದಲನೇ ದರ್ಜೆ ಸಿಕ್ತು.

ಯಾಕೆ, ನಗಲಿಲ್ಲ ನೀವು? ಕತೆ ಇಲ್ಲಿಗೆ ಬಂದಾಗ ಎಲ್ಲರೂ ನಗ್ತಾರೆ.

ನನಗೆ ಹೇಗೆ ಗೊತ್ತು ಅಂತನಾ... ಯಾರೋ ಹೇಳಿದ್ರು. ಇಂಥವೆಲ್ಲ ನಮ್ಮ ವಲಯದಲ್ಲಿ ಓಡಾಡ್ತಿರುತ್ತೆ. ಬಿಡಿ. ನನ್ನ ನಾಲ್ಕು ಸಾಲು ಮುಗಿಸಿಬಿಡೋಣ, ಗಂಟೆ ಎರಡೂಮುಕ್ಕಾಲಾಯ್ತು.

ಪಿಎಚ್‌ಡಿ ತೊಂಬತ್ತೈದರಲ್ಲಿ. ಹಾಕಿ. ತೊಂಬತ್ತೆಂಟರ ಕೊನೇಲಿ ಮಹಿಳಾ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದ್ದು. ಆಮೇಲೆ ರೀಡರ್, ಪ್ರೊಫೆಸರ್, ಡೀನ್... ಅದೆಲ್ಲ ನಿಮ್ಮ ಹತ್ತಿರ ಇರೋ ಹಾಳೇಲೇ ಇದೆ. ಯಾಕೆ ನಿಲ್ಲಿಸಿದ್ರಿ? ಇಷ್ಟು ಹೊತ್ತು ಕೀಬೋರ್ಡ್ ಮೇಲೆ ಆಲಿಕಲ್ಲು ಸುರಿದ ಹಾಗೆ ಟೈಪ್ ಮಾಡ್ತಿದ್ರಿ. ಮಧ್ಯೆ ಮೂರು ವರ್ಷನಾ? ಓ, ಅದಾ. ಆಗ ಮದುವೆಯಾಯ್ತು, ಮಗಳು ಹುಟ್ಟಿದಳು... ಹೆಂಗಸರ ಬಯೋಡೇಟಾ ಅಂದ್ಮೇಲೆ ಅಲ್ಲೊಂದು ಇಲ್ಲೊಂದು ತೂತು ಇರುತ್ತೆ ಕಣ್ರೀ. ಹಾಗೇ ಬಿಟ್ಟು ಮುಂದಕ್ಕೆ ಹೋಗಿ.

ಎಲ್ಲಿಗೆ ಎದ್ರಿ? ಪ್ರಿಂಟರಿಗೆ ಕಾಗದನಾ?

ಅಬ್ಬ, ಆ ಬೀರು ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಹಾಕಿಸಿ. ಏನು ಹುಡುಕ್ತಿದ್ದೀರಿ ಅಲ್ಲಿ? ಹಳೇ ಫೋಟೋಗಳು... ಇದು ಯಾರದ್ದು, ಗಾಜೆಲ್ಲ ಧೂಳು, ಕೊಡಿ ಇಲ್ಲಿ, ಕನ್ನಡಕ ಹಾಕ್ಕೋತೀನಿ.

...

ಹೂಂ.

ಸಸ್ಯಶಾಸ್ತ್ರ ವಿಭಾಗ, ತೊಂಬತ್ತೆಂಟು. ಎರಡು ಜಡೆ. ಎಷ್ಟು ತೆಳ್ಳಗಿದ್ದೆ ನೋಡಿ. ಕುರ್ಚೀಲಿ ಕೂತಿರೋ ಸಾಲಲ್ಲಿ ಎಡಗಡೆಯಿಂದ ಮೂರನೇದು... ಹೌದು. ನಾನೇ.

ಕೂತ್ಕೊಳ್ಳಿ ಇವರೇ. ನೀವು ನಿಂತಿದ್ರೆ ನನಗೂ ಎದ್ದು ನಿಲ್ಲಬೇಕು ಅನ್ಸುತ್ತೆ.

ಇಲ್ಲಿಗೆ ಬರೋಕೆ ಮುಂಚೆ ಒಂದು ಘೋಷಣಾಪತ್ರಕ್ಕೆ ಸಹಿ ಹಾಕ್ತೀವಿ ನಾವು. ‘ಈ ವಿಶ್ವವಿದ್ಯಾಲಯದ ಜೊತೆ ನನಗೆ ಹಿಂದೆ ಯಾವ ಸಂಬಂಧವೂ ಇರಲಿಲ್ಲ’ ಅಂತ. ಹಾಕಿದೆ. ಆಗ ಇದು ವಿಶ್ವವಿದ್ಯಾಲಯ ಎಲ್ಲಿತ್ತು, ಬರೀ ಕಾಲೇಜು, ಹೆಸರೂ ಬೇರೆ... ಅಂತ ನನಗೆ ನಾನೇ ವಕೀಲೆಯಾದೆ. ಬರಬೇಕಾಗಿದ್ದವರಿಗೆ ಹುಷಾರಿಲ್ಲ, ನೀವು ಹೋಗ್ತೀರಾ ಅಂತ ಹೋದ ಸೋಮವಾರ ಫೋನ್ ಬಂತು. ಆಗಲ್ಲ ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದ್ರೆ ಆ ಲ್ಯಾಬ್ ಏನಾಯ್ತೋ ಒಂದು ಸಲ ನೋಡಬೇಕು ಅನ್ನಿಸಿಬಿಡ್ತು. ಬೆಳಿಗ್ಗೆ ನೀವೇ ಬೀಗ ತೆಗೆದ್ರಲ್ಲ. ಒಂದೊಂದು ಮೈಕ್ರೋಸ್ಕೋಪನ್ನೂ ತಿರುಗಿಸಿ ತಿರುಗಿಸಿ ಬುಡ ನೋಡ್ತಿದ್ದೆ, ನೀವು ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ರಿ. ಆಗಲೇ ಗುರುತು ಸಿಕ್ಕಿತ್ತು ನಿಮಗೆ, ಅಲ್ವಾ? ಸೀಮೆಎಣ್ಣೆ ಕತೆ ಕೇಳಿ ಗಟ್ಟಿಯಾಯ್ತು, ಅಷ್ಟೇ.

ಆಗಿನ ಪ್ರಾಂಶುಪಾಲರು ಕರೆದು, ‘ದರ್ಜೆ ಬಂದ್ರೆ ನಿನ್ನ ಕೆಲಸ ಖಾಯಂ ಮಾಡಿಸ್ತೀನಿ’ ಅಂದ್ರು. ನಾನು ತಾತ್ಕಾಲಿಕ. ವರ್ಷ ವರ್ಷ ರಜಕ್ಕೆ ಮುಂಚೆ ತೆಗೆದುಹಾಕೋರು, ಆಮೇಲೆ ಮತ್ತೆ ಸೇರಿಸ್ಕೊಳ್ಳೋರು. ಮನೇಲಿ ಅತ್ತೆ ಕೇಳೋರು, ‘ನಿನ್ನದು ಕೆಲಸವೋ, ಬಿಡುವಿನ ಆಟವೋ’ ಅಂತ. ಒಪ್ಕೊಂಡೆ. ಯಾರೂ ಕೈ ತಿರುಚಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆ ಸೀಮೆಎಣ್ಣೆ ಉಪಾಯ ಪ್ರಾಂಶುಪಾಲರದ್ದಲ್ಲ, ನನ್ನದು. ಮಾರನೇ ದಿನ ಸಂಜೆ ಹದಿನೆಂಟೂ ವಾಪಸ್ ಹೈಸ್ಕೂಲಿಗೆ ಹೋದ್ವು.

ಪೇಪರಲ್ಲಿ ದರ್ಜೆ ಬಂತು. ಆ ವರ್ಷ ಸಸ್ಯಶಾಸ್ತ್ರಕ್ಕೆ ನಲವತ್ತೆರಡು ಅರ್ಜಿ. ಅದಕ್ಕೆ ಮುಂಚೆ ಹನ್ನೊಂದು ದಾಟಿರಲಿಲ್ಲ. ನಾಲ್ಕು ತಿಂಗಳು ನಾನೇ ಪಾಠ ಮಾಡಿದೆ, ಬಣ್ಣದ ಚಾಕಲ್ಲಿ ಬೋರ್ಡ್ ತುಂಬ ಜೀವಕೋಶ ಬಿಡಿಸ್ತಿದ್ದೆ. ‘ಮೇಡಂ, ಲ್ಯಾಬ್ ಯಾವಾಗ’ ಅಂತ ಮಕ್ಕಳು ಕೇಳಿದ್ರೆ ‘ಮುಂದಿನ ವಾರ’ ಅಂತಿದ್ದೆ. ಕೆಲಸ ಖಾಯಂ ಆಗಲಿಲ್ಲ, ಅದರ ಬದಲು ಪ್ರಾಂಶುಪಾಲರು ಒಂದು ಪತ್ರ ಬರೆದುಕೊಟ್ರು. ಇಂಥ ದಕ್ಷ ಅಧ್ಯಾಪಕಿಯನ್ನ ನಾನು ಕಂಡಿಲ್ಲ, ವಿಭಾಗ ಕಟ್ಟಿದವಳು ಅಂತೆಲ್ಲ. ಮಹಿಳಾ ಕಾಲೇಜಿನ ಸಂದರ್ಶನದಲ್ಲಿ ಆ ಪತ್ರ ಓದಿ, ಇನ್ನೇನೂ ಕೇಳಲೇ ಇಲ್ಲ. ರೀಡರ್, ಪ್ರೊಫೆಸರ್, ಡೀನ್... ಎಲ್ಲ ಅದರ ಮೇಲೇ ಕಟ್ಟಿದ್ದು.

ಹಿಂದಿನ ಸಾಲಲ್ಲಿ ತುದೀಲಿ ನಿಂತಿರೋನು, ಷರ್ಟಿನ ಮೇಲಿನ ಗುಂಡಿನೂ ಹಾಕ್ಕೊಂಡು... ಇದು ನೀವೇ ಅಲ್ವಾ? ಆ ನಲವತ್ತೆರಡರಲ್ಲಿ ಒಬ್ಬರು.

ಮುಂದೆ ಎಂಎಸ್ಸಿಗೆ ಹೋಗಲಿಲ್ವಾ?

ಅರ್ಜಿ ಹಾಕಿದ್ರಿ. ...ಓ. ಪ್ರವೇಶಕ್ಕೆ ಪ್ರಾಕ್ಟಿಕಲ್ ಇತ್ತಾ. ಮೈಕ್ರೋಸ್ಕೋಪ್ ಮುಂದೆ ಕೂರಿಸಿದ್ರಾ.

ಬೇಡ, ಹೇಳೋದು ಬೇಡ. ಗೊತ್ತಾಯ್ತು. ಯಾವ ತಿರುಪು ಯಾವ ಕಡೆ ತಿರುಗಿಸಬೇಕು ಅಂತ ಯಾರು ತೋರಿಸಿದ್ರು ನಿಮಗೆ.

ನೋಡಿ, ಲ್ಯಾಬಿನ ಬೀಗದ ಕೈ ನಿಮ್ಮ ಹತ್ರಾನೇ ಇದೆ. ಇನ್ನೂ ಒಂದು ಗಂಟೆ ಇದೆ. ಕ್ಯಾಂಟೀನಿಂದ ಒಂದು ಈರುಳ್ಳಿ ತರಿಸಿ, ಆ ಪೊರೆ ತೆಗೆದು ಗಾಜಿನ ಮೇಲಿಟ್ಟು ತೋರಿಸ್ತೀನಿ. ಹತ್ತು ನಿಮಿಷದ ಪಾಠ, ಎಲ್ಲರಿಗೂ ಮೊದಲನೇ ದಿನ ಮಾಡಿಸೋದು ಅದನ್ನೇ... ಬನ್ನಿ.

ಏಳಲ್ವಾ?

ಸರಿ. ನಲವತ್ತೈದು ವರ್ಷದವರನ್ನ ಈರುಳ್ಳಿ ತೋರಿಸೋಕೆ ಕರೀತಿದ್ದೀನಲ್ಲ, ನನಗೂ ಏನಾಗಿದೆ. ಅದು ನನ್ನ ಸಮಾಧಾನಕ್ಕೆ ಕೇಳಿದ್ದು. ನಿಮಗೇನು ಬಂತು ಅದರಿಂದ.

ಬೈಯಿರಿ ಬೇಕಾದ್ರೆ. ಕುಲಸಚಿವರ ಹತ್ತಿರ ಹೋಗಿ ಹೇಳಿ. ಅದೂ ಇಲ್ಲ. ಫೋಟೋ ತಂದು ಮುಂದೆ ಇಟ್ಟು, ಸುಮ್ಮನೆ ಕೂತುಬಿಟ್ರಿ. ಆರು ವರ್ಷದಿಂದ ಎಷ್ಟು ಪ್ರಾಂಶುಪಾಲರನ್ನ ಹೀಗೆ ಮುಂದೆ ಕೂರಿಸ್ಕೊಂಡು ಬೆವರಿಳಿಸಿದ್ದೀನಿ. ನಾನೂ ಇಷ್ಟು ಸುಮ್ಮನೆ ಕೂತಿರಲಿಲ್ಲ.

ಕೈ ಕೀಬೋರ್ಡ್ ಮೇಲೆ ಇಡಿ. ಇಡಿ ಇವರೇ, ದಯವಿಟ್ಟು. ನಿಮ್ಮ ವಿಶ್ವವಿದ್ಯಾಲಯಕ್ಕೇನೂ ಆಗಲ್ಲ, ನಾನು ಇವತ್ತೇ ಹೊರಟುಬಿಡ್ತೀನಿ, ನನ್ನ ಬದಲು ಬೇರೆ ಯಾರಾದ್ರೂ ಬರ್ತಾರೆ. ಅಧ್ಯಕ್ಷರನ್ನ ಎಬ್ಬಿಸಿ ನಾನೇ ಹೇಳ್ತೀನಿ. ಆ ಮನುಷ್ಯನಿಗೆ ಬೇಜಾರಾಗುತ್ತೆ, ಅದಕ್ಕಿಂತ ಜಾಸ್ತಿ ಏನಾಗುತ್ತೋ ನನಗೂ ಗೊತ್ತಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಮಗಳಿಗೂ ಹೇಳ್ಬೇಕು. ಅವಳಿಗೂ ಈ ಕತೆ ಬೇರೆ ಯಾರದ್ದೋ ಅಂತಲೇ ಹೇಳಿ ನಗಿಸಿದ್ದೀನಿ.

ಆ ಮೂರು ವರ್ಷ ಎಲ್ಲಿ ಬಿಟ್ಟಿದ್ದೀರೋ ಅಲ್ಲಿಂದ ಶುರು ಮಾಡಿ. ‘ತೊಂಬತ್ತೈದರಿಂದ ತೊಂಬತ್ತೆಂಟರವರೆಗೆ ಇವರು ಇದೇ ಸಂಸ್ಥೆಯಲ್ಲಿ ಸಸ್ಯಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದರು. ಆಗ ನಡೆದ ಪರಿಶೀಲನೆಯಲ್ಲಿ, ಎರವಲು ತಂದ ಹದಿನೆಂಟು ಸೂಕ್ಷ್ಮದರ್ಶಕಗಳನ್ನು ಕಾಲೇಜಿನವೇ ಎಂದು ತೋರಿಸಿದರು. ಆ ದರ್ಜೆಯನ್ನು ನಂಬಿ ಸೇರಿದ ನಲವತ್ತೆರಡು ವಿದ್ಯಾರ್ಥಿಗಳನ್ನು ನಾಲ್ಕೇ ತಿಂಗಳಲ್ಲಿ ಬಿಟ್ಟುಹೋದರು...’

ತಡೀರಿ. ‘ಇವರು’ ಅಂತ ಇರೋ ಕಡೆಯೆಲ್ಲ ‘ನಾನು’ ಅಂತ ಮಾಡಿ. ಕ್ರಿಯಾಪದಗಳನ್ನೂ ಸರಿಮಾಡ್ಕೊಳ್ಳಿ.

ಆಯ್ತಾ. ನಾಲ್ಕು ಪ್ರತಿ ತೆಗೀರಿ, ನಾಲ್ಕಕ್ಕೂ ಸಹಿ ಹಾಕ್ತೀನಿ. ಒಂದು ಅಧ್ಯಕ್ಷರಿಗೆ, ಒಂದು ಕುಲಸಚಿವರಿಗೆ, ಒಂದು ನಮ್ಮ ಸಮಿತಿ ಕಚೇರಿಗೆ.

ನಾಲ್ಕನೇದು ನೀವು ಇಟ್ಕೊಳ್ಳಿ.