ಸೇಫ್ಟಿ ವಾಲ್ವ್ ಇಲ್ಲದೆ ಹೋದ ಹಸಿರು ಇಂಜಿನ್

ಹೇಳಿಕೆ ಕೊಡುವವಳು: ಓಣಿಯವರೆಲ್ಲ ಕುಕ್ಕರ್ ಚಿಕ್ಕಮ್ಮ ಎಂದು ಕರೆಯುವವಳು. ವಯಸ್ಸು ನಲವತ್ತಾರು. ಕಸುಬು ಕುಕ್ಕರ್, ಸ್ಟೌವ್ ರಿಪೇರಿ, ಜೊತೆಗೆ ಉಗಿಯಿಂದ ಓಡುವ ಪುಟ್ಟ ರೈಲು ಇಂಜಿನ್‌ಗಳ ರಿಪೇರಿ. ಓದಿದ್ದು ಏಳನೇ ತರಗತಿ ಅರ್ಧ. ವಾಸ ಸೈಕಲ್ ಅಂಗಡಿ ಪಕ್ಕದ ಓಣಿಯಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆ, ಅಕ್ಕನ ಜೊತೆ.

ಹೇಳಿಕೆ ಬರೆದುಕೊಳ್ಳುವ ಪೇದೆಯವರು ಫೋನಿನ ಕೆಲಸದಲ್ಲಿ ಇರುವುದರಿಂದ ನನ್ನ ಕೈಯಾರೆ ಬರೆದು ಠಾಣೆಗೆ ತಿಳಿಸುವುದು ಏನೆಂದರೆ:

ಇಂದು ಭಾನುವಾರ ಬೆಳಗಿನ ಜಾವ ನನಗೆ ಕೆಟ್ಟ ಕನಸು ಬಿತ್ತು. ಯಾರದೋ ಮನೆ. ನಡುವೆ ಮೇಜು, ಮೇಜಿನ ಮೇಲೆ ಹಸಿರು ಇಂಜಿನ್. ಸುತ್ತ ಜನ ಬಗ್ಗಿಕೊಂಡು ನೋಡುತ್ತಿದ್ದರು, ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ದೂರ ಸರಿಯಿರಿ ಎಂದು ಕೂಗಿದೆ. ಗಂಟಲಿನಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಒಬ್ಬರು ನನ್ನ ಕಡೆ ತಿರುಗುವಷ್ಟರಲ್ಲಿ ಎಚ್ಚರವಾಯಿತು. ಮುಖ ಕಾಣಲಿಲ್ಲ, ಅದೇ ಪುಣ್ಯ. ಕನಸನ್ನೆಲ್ಲ ಹೇಳಿಕೆಯಲ್ಲಿ ಬರೆಯಬಾರದು ಎಂದು ಮುಖ್ಯಪೇದೆಯವರು ಹೇಳಿದರು. ಕನಸು ಬೀಳಲು ಕಾರಣವಾದದ್ದು ನಿನ್ನೆ ಹಗಲು ನಡೆದ ಸಂಗತಿಯೇ ಆದ್ದರಿಂದ ಬರೆದಿದ್ದೇನೆ. ಬೇಡವಾದರೆ ಹೊಡೆದುಹಾಕಬಹುದು.

ನಾನು ಹೆದರುಪುಕ್ಕಲಿ ಎಂಬುದು ಠಾಣೆಯವರಿಗೂ ಗೊತ್ತು. ಹೋದ ವರ್ಷ ಓಣಿಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಓಡಿಬಂದಿದ್ದೆ, ಅದು ಪಕ್ಕದ ಮನೆಯವರು ಬಾಗಿಲಿಗೆ ಹಚ್ಚಿದ ಬಣ್ಣದ ವಾಸನೆ ಆಗಿತ್ತು. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಹೇಳಿಕೆಯನ್ನು ಅದರ ಜೊತೆ ಸೇರಿಸಿ ನೋಡಬಾರದು ಎಂದು ಕೈಮುಗಿದು ಕೇಳುತ್ತೇನೆ.

ಇಂಜಿನ್ ಡ್ರಾಯಿಂಗ್ ಮೇಷ್ಟ್ರದ್ದು. ಅವರು ಶಾಲೆಯ ಕೆಲಸದಿಂದ ನಿವೃತ್ತರಾದವರು, ನಮ್ಮ ಓಣಿಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಒಬ್ಬರೇ ಇದ್ದಾರೆ. ಇಂಜಿನ್ ಉದ್ದ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ, ಬಣ್ಣ ಕಡುಹಸಿರು. ಇದು ಕೀಲಿ ಕೊಟ್ಟು ಬಿಡುವ ಆಟದ ಸಾಮಾನಲ್ಲ. ಒಳಗೆ ತಾಮ್ರದ ಬಾಯ್ಲರ್ ಇದೆ. ಒಂದೂವರೆ ಲೋಟ ನೀರು ಹಿಡಿಯುತ್ತದೆ. ಲೈಟರ್‌ಗೆ ತುಂಬುವ ಗ್ಯಾಸನ್ನೇ ಇದಕ್ಕೂ ತುಂಬಿ ಹಚ್ಚಿದರೆ ಆರೇಳು ನಿಮಿಷದಲ್ಲಿ ಉಗಿ ಏಳುತ್ತದೆ. ಉಗಿ ಹೆಚ್ಚಾದರೆ ಕುಕ್ಕರ್ ಸೀಟಿಯ ಹಾಗೆ ಹೊರಗೆ ಬಿಡುವುದಕ್ಕೆ ಮೇಲೆ ಹಿತ್ತಾಳೆಯ ಸೇಫ್ಟಿ ವಾಲ್ವ್ ಇರುತ್ತದೆ. ಅದನ್ನು ತಿರುಪಿ ತೆಗೆದರೆ ಬರುವ ತೂತಿನಿಂದಲೇ ನೀರು ಹಾಕುವುದು. ಭಾನುವಾರಗಳಂದು ಮೇಷ್ಟ್ರು ಪಾರ್ಕಿನಲ್ಲಿ ಹಳಿ ಜೋಡಿಸಿ ಇದನ್ನು ಓಡಿಸುತ್ತಾರೆ. ನೋಡಲು ಜನ ಸೇರುತ್ತಾರೆ.

ಮೇಷ್ಟ್ರಿಗೆ ಈಗ ಸೊಂಟ ಬಗ್ಗುವುದಿಲ್ಲ. ಆದ್ದರಿಂದ ಕೂತಲ್ಲಿಂದಲೇ ಓಡಿಸುವ ಹಾಗೆ ರಿಮೋಟ್ ಹಾಕಿಕೊಡು ಎಂದು ಇಂಜಿನನ್ನು ನನ್ನ ಹತ್ತಿರ ಬಿಟ್ಟಿದ್ದರು. ಹಾಗೇ ವರ್ಷಕ್ಕೊಮ್ಮೆ ಮಾಡುವ ಬಾಯ್ಲರ್ ಪರೀಕ್ಷೆಯನ್ನೂ ಮುಗಿಸು ಎಂದಿದ್ದರು.

ನಿನ್ನೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಪರೀಕ್ಷೆ ಮಾಡಿದೆ. ಈ ಪರೀಕ್ಷೆಗೆ ಬೆಂಕಿ ಇಲ್ಲ. ಬಾಯ್ಲರ್ ತುಂಬ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಿ, ಎಲ್ಲಿಯಾದರೂ ಬೆಸುಗೆಯಲ್ಲಿ ಬೆವರುತ್ತದೆಯೇ ಎಂದು ನೋಡುವುದು. ಓಡುವಾಗ ಇರುವುದಕ್ಕಿಂತ ಎರಡರಷ್ಟು ಒತ್ತಬೇಕಾದ್ದರಿಂದ ಸೇಫ್ಟಿ ವಾಲ್ವ್ ಇರಬಾರದು, ಇದ್ದರೆ ಬಿಟ್ಟುಬಿಡುತ್ತದೆ. ಅದಕ್ಕೆ ವಾಲ್ವ್ ತೆಗೆದು, ಆ ತೂತಿಗೆ ಹಿತ್ತಾಳೆಯ ಬಿರಡೆ ತಿರುಪಿ ಬಿಗಿ ಮಾಡಿದೆ. ಬಾಯ್ಲರ್ ಪಾಸಾಯಿತು. ಒಂದು ಹನಿ ಸೋರಲಿಲ್ಲ. ಎಷ್ಟು ಗಟ್ಟಿ ಇದೆ ನೋಡೇ ಎಂದು ಅಕ್ಕನಿಗೆ ತೋರಿಸಿದ್ದೂ ಉಂಟು.

ವಾಲ್ವನ್ನು ತೊಳೆಯಲು ಸೀಮೆಎಣ್ಣೆ ಬಟ್ಟಲಿಗೆ ಹಾಕಿದೆ. ಉಗಿಯನ್ನು ಚಕ್ರಗಳಿಗೆ ಬಿಡುವ ಸನ್ನೆಕೋಲಿಗೆ ರಿಮೋಟಿನ ಪುಟ್ಟ ಮೋಟಾರು ಕೂರಿಸಬೇಕಿತ್ತು. ಅಳತೆ ತಪ್ಪಬಾರದೆಂದು ಆ ಸನ್ನೆಕೋಲನ್ನು ಮುಚ್ಚಿದ ಸ್ಥಿತಿಯಲ್ಲೇ ತಂತಿ ಸುತ್ತಿ ಕಟ್ಟಿದೆ. ಧೂಳು ಕೂರದಿರಲಿ ಎಂದು, ಯಾವಾಗಲೂ ವಾಲ್ವಿನ ಮೇಲೆ ಟೊಪ್ಪಿಯ ಹಾಗೆ ಕೂರುವ ಗುಮ್ಮಟವನ್ನು ಬಿರಡೆಯ ಮೇಲೆ ಮುಚ್ಚಿಟ್ಟೆ. ಆಮೇಲೆ, ಹಚ್ಚಬಾರದು ಎಂಬ ಗುರುತಿಗೆ, ಯಾವಾಗಲೂ ಕಟ್ಟುವ ಹಾಗೆ ಹೊಗೆಕೊಳವೆಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದೆ. ಕಟ್ಟಿದೆನೋ ಇಲ್ಲವೋ ಎಂದು ಬಾಗಿಲಿನಿಂದ ವಾಪಸು ಬಂದು ನೋಡಿದೆ. ಕಟ್ಟಿತ್ತು. ಹನ್ನೆರಡೂ ಕಾಲಿಗೆ ಆಸ್ಪತ್ರೆಯ ಕ್ಯಾಂಟೀನಿನ ದೊಡ್ಡ ಕುಕ್ಕರ್ ನೋಡಲು ಹೋದೆ. ಅಂಗಡಿಯಲ್ಲಿ ಅಕ್ಕ ಇದ್ದಳು.

ಎರಡೂವರೆಗೆ ವಾಪಸು ಬಂದಾಗ ಇಂಜಿನ್ ಇದ್ದ ಜಾಗ ಖಾಲಿ ಇತ್ತು. ಮೇಷ್ಟ್ರು ಒಬ್ಬರನ್ನು ಕಳಿಸಿದ್ದರು, ಕೊಟ್ಟು ಕಳಿಸಿದೆ ಎಂದು ಅಕ್ಕ ಹೇಳಿದಳು. ಆತನಿಗೆ ಮೂವತ್ತೈದರ ಸುಮಾರು ವಯಸ್ಸು, ಹೆಲ್ಮೆಟ್ ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದ, ಕೈಯಲ್ಲಿ ದೊಡ್ಡ ಚೀಲ. ಮಾತು ಮೆತ್ತಗೆ, ಒಳ್ಳೆಯವನ ಹಾಗೆ ಇದ್ದ ಎಂದಳು.

ಕೆಂಪು ಬಟ್ಟೆ ಏನಾಯಿತು ಎಂದು ಕೇಳಿದೆ. ಅಕ್ಕ ಹೇಳಿದ್ದು: "ಒರೆಸೋ ಬಟ್ಟೆ ಅಲ್ವೇನೇ ಅದು? ಅದರಲ್ಲೇ ಇಂಜಿನ್ನು ಚೆನ್ನಾಗಿ ಒರೆಸಿ ಕೊಟ್ಟೆ. ಮೇಷ್ಟ್ರ ಸಾಮಾನು, ಧೂಳು ಧೂಳು ಕೊಡಕ್ಕಾಗುತ್ತಾ?"

ಬಟ್ಟೆಯ ಅರ್ಥ ಅಕ್ಕನಿಗೆ ಹೇಳಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಹೇಳಿರಲಿಲ್ಲವಂತೆ. ಅವಳ ಮೇಲೆ ನನ್ನ ದೂರು ಏನೂ ಇಲ್ಲ.

ಸೀಮೆಎಣ್ಣೆ ಬಟ್ಟಲಿನಲ್ಲಿ ವಾಲ್ವ್ ಹಾಗೇ ಇತ್ತು. ಅದನ್ನು ಎತ್ತಿ ಅಕ್ಕನ ಮುಂದೆ ಹಿಡಿದೆ. ಇದನ್ನು ಬಿಟ್ಟು ಹೋಗಿದೆ ಕಣೇ ಅಕ್ಕಾ ಎಂದೆ. ಅಕ್ಕ ಹೇಳಿದ್ದು: "ನಿಂಗೆ ಗುಂಡುಸೂಜಿ ಬಿದ್ರೂ ಬಾಂಬು. ಮೇಷ್ಟ್ರಿಗೆ ಗೊತ್ತಾಗಲ್ವಾ? ನಿನಗಿಂತ ಮುಂಚಿಂದ ಓಡಿಸ್ತಿರೋರು." ಅದೂ ಸರಿ ಎನ್ನಿಸಿತು. ಆದರೂ ಫೋನ್ ಮಾಡಿದೆ, ಮೇಷ್ಟ್ರು ಎತ್ತಲಿಲ್ಲ. ಸಂಜೆ ವಾಲ್ವ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಬೀಗ ಹಾಕಿತ್ತು. ತಂಗಿಯ ಮನೆಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದು ಎದುರುಮನೆಯವರು ಹೇಳಿದರು. ಊರಿನಲ್ಲಿ ಇಲ್ಲದವರು ಇಂಜಿನ್ ತರಲು ಯಾಕೆ ಕಳಿಸುತ್ತಾರೆ ಎಂಬ ಯೋಚನೆ ಆಗಲೇ ಬಂತು. ಅಕ್ಕನ ಹತ್ತಿರ ಹೇಳಿದೆ. ಮಲಗು ಎಂದಳು.

ಇಂದು ಬೆಳಿಗ್ಗೆ ಎಂಟೂವರೆಗೆ ಮೇಷ್ಟ್ರು ಮನೆಗೆ ಬಂದಾಗ ನಾನು ಅವರ ಮೆಟ್ಟಿಲ ಮೇಲೆ ಕೂತಿದ್ದೆ. ಯಾರನ್ನೂ ಕಳಿಸಿಲ್ಲ ಎಂದರು. ಆದರೆ ಎರಡು ಮೂರು ಭಾನುವಾರಗಳಿಂದ ಪಾರ್ಕಿನಲ್ಲಿ ಒಬ್ಬ ಇಂಜಿನನ್ನು ಒಂದು ದಿನದ ಮಟ್ಟಿಗೆ ಕೊಡಿ, ಮಗಳಿಗೆ ತೋರಿಸಬೇಕು ಎಂದು ಬೆನ್ನು ಹತ್ತಿದ್ದನಂತೆ. ಇವರು ಆಗುವುದಿಲ್ಲ ಎಂದಿದ್ದರಂತೆ. ಅವನು ನೀರು ಹಾಕುವುದು, ಗ್ಯಾಸ್ ತುಂಬುವುದು, ಹಚ್ಚುವುದು ಎಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿಕೊಂಡಿದ್ದಾನಂತೆ. ರಿಪೇರಿ ಎಲ್ಲಿ ಮಾಡಿಸುತ್ತೀರಿ ಎಂದು ಕೇಳಿದಾಗ ಇವರೇ ನನ್ನ ಅಂಗಡಿ ಹೇಳಿದ್ದಾರೆ.

ನಾನು ಬಿರಡೆಯ ವಿಷಯ ಹೇಳಿದೆ. ಮೇಷ್ಟ್ರು ಚಪ್ಪಲಿ ಬಿಚ್ಚುತ್ತಿದ್ದವರು ಹಾಗೇ ನಿಂತರು. ಅವರು ಹೇಳಿದ್ದು: "ಇಂಜಿನ್ ಹೋದ್ರೆ ಹೋಗ್ಲಮ್ಮ. ಅವನಿಗೆ ಯಾರಾದ್ರೂ ಹೇಳ್ಬೇಕಲ್ಲ."

ಏನಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಅವನು ಪಾರ್ಕಿನಲ್ಲಿ ನೋಡಿದ ಹಾಗೇ ಗುಮ್ಮಟ ತೆಗೆದು, ಅದರ ಕೆಳಗಿನ ಹಿತ್ತಾಳೆಯನ್ನು ತಿರುಪಿ, ನೀರು ಹಾಕಿ, ಮತ್ತೆ ಬಿಗಿ ಮಾಡುತ್ತಾನೆ. ಅದು ವಾಲ್ವ್ ಅಲ್ಲ, ಬಿರಡೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಗ್ಯಾಸ್ ಹಚ್ಚುತ್ತಾನೆ. ಉಗಿ ಏಳುತ್ತದೆ. ಸನ್ನೆಕೋಲು ಕಟ್ಟಿರುವುದರಿಂದ ಇಂಜಿನ್ ಹೊರಡುವುದಿಲ್ಲ. ಹೊರಡಲಿಲ್ಲವಲ್ಲ ಎಂದು ಕಾಯುತ್ತಾರೆ, ಬಗ್ಗಿ ನೋಡುತ್ತಾರೆ. ಉಗಿಗೆ ಹೊರಗೆ ಹೋಗಲು ಒಂದು ದಾರಿಯೂ ಇಲ್ಲ. ನೀರಿನ ಮಟ್ಟ ತೋರಿಸುವ ಬೆರಳುದ್ದದ ಗಾಜಿನ ಕೊಳವೆ ಹಿಂದುಗಡೆ ಇದೆ. ಮೊದಲು ಅದು ಒಡೆಯುತ್ತದೆ. ಗಾಜು ಮತ್ತು ಉಗಿ ಎರಡೂ ಬಗ್ಗಿದವರ ಮುಖಕ್ಕೆ ಬರುತ್ತವೆ. ಗಾಜು ತಡೆದುಕೊಂಡರೆ ಇನ್ನೂ ಕೆಟ್ಟದ್ದು. ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಮೇಷ್ಟ್ರ ಮನೆಯಿಂದ ನೇರವಾಗಿ ಲೈಟರ್ ಅಣ್ಣನ ಅಂಗಡಿಗೆ ಹೋದೆ. ಇಂಜಿನ್‌ಗೆ ಗ್ಯಾಸ್ ತುಂಬುವ ಸಣ್ಣ ಬಾಯಿಯ ನಳಿಕೆ ಈ ಊರಿನಲ್ಲಿ ಸಿಗುವುದು ಅಲ್ಲಿ ಮಾತ್ರ. ಲೈಟರ್ ಅಣ್ಣ ಹೇಳಿದ್ದು: "ನಿನ್ನೆ ಬಂದಿದ್ದ ಚಿಕ್ಕಮ್ಮ, ಹೆಲ್ಮೆಟ್ಟಿನೋನು. ಡಬ್ಬಿ ಎರಡು ತಗೊಂಡ, ನಳಿಕೆ ಇರ್ಲಿಲ್ಲ. ಬಂದ್ರೆ ಹೇಳಿ ಅಂತ ನಂಬರ್ ಬರೆಸಿದ್ದ. ಈಗ ತಾನೇ ಬಂದು ತಗೊಂಡು ಹೋದ. ನಿಮ್ಮ ಗಿರಾಕಿ ಅಂತ ನಾನೂ ನಗ್ತಾ ಕೊಟ್ಟೆ."

ಆ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ರಿಂಗ್ ಆಗಿ ನಿಂತಿತು, ನಾಲ್ಕನೆಯದನ್ನು ಆ ಕಡೆಯಿಂದ ಕತ್ತರಿಸಿದರು. ಅಕ್ಕನಿಗೆ ಫೋನ್ ಮಾಡಿ, ಅವನು ಇನ್ನೇನಾದರೂ ಅಂದನೇ ನೆನಪು ಮಾಡಿಕೋ ಎಂದೆ. ಅಕ್ಕ ಅಳುತ್ತಿದ್ದಳು. ನಾಳೆ ನಾಲ್ಕು ಗಂಟೆಗೆ ಓಣಿ ಮಕ್ಕಳನ್ನೆಲ್ಲ ಸೇರಿಸುತ್ತೇನೆ, ಪಾರ್ಕಿನಲ್ಲಿ ಆದರೆ ದೂರ ನಿಲ್ಲಿಸುತ್ತಾರೆ, ಮನೆಯಲ್ಲಿ ಹತ್ತಿರದಿಂದ ತೋರಿಸಬಹುದು ಎಂದನಂತೆ. ಆ ನಾಳೆ ಎಂದರೆ ಇವತ್ತು.

ಹನ್ನೊಂದು ಗಂಟೆಗೆ ಠಾಣೆಗೆ ಬಂದೆ. ಮುಖ್ಯಪೇದೆಯವರು ಹೇಳಿದ್ದು: "ಏನ್ ಚಿಕ್ಕಮ್ಮ, ಈ ಸಲ ಬಣ್ಣನೋ ಗ್ಯಾಸೋ? ರೈಲು ಕಳೆದಿದ್ರೆ ರೈಲ್ವೆ ಪೊಲೀಸ್ ಹತ್ರ ಹೋಗ್ಬೇಕು ನೀವು." ನಾನು ವಾಲ್ವನ್ನು ಅವರ ಮೇಜಿನ ಮೇಲೆ ಇಟ್ಟೆ. ನಿಮ್ಮ ಮನೆಯ ಕುಕ್ಕರಿನ ಸೀಟಿ ತೆಗೆದು, ಆ ತೂತಿಗೆ ಬಿರಡೆ ಹೊಡೆದು, ಒಲೆ ಮೇಲೆ ಇಟ್ಟು, ಮಕ್ಕಳನ್ನು ಸುತ್ತ ಕೂರಿಸುತ್ತೀರಾ ಸಾರ್ ಎಂದು ಕೇಳಿದೆ. ಅವರು ಮತ್ತೆ ನಗಲಿಲ್ಲ. ನಂಬರಿನ ವಿಳಾಸ ತೆಗೆಸಲು ಮೇಲಿನವರಿಗೆ ಬರೆದರು. ರಜೆಯ ದಿನ, ಬರುವುದು ಮಧ್ಯಾಹ್ನ ಆಗಬಹುದು ಎಂದರು. ನಾಲ್ಕು ಗಂಟೆಗೆ ಇನ್ನೂ ಹೊತ್ತಿದೆ ಎಂದು ಸಮಾಧಾನ ಹೇಳಿದರು. ಆದರೆ ಮಕ್ಕಳ ಮುಂದೆ ಮರ್ಯಾದೆ ಹೋಗಬಾರದೆಂದು ಯಾರಾದರೂ ಮುಂಚೆ ಒಮ್ಮೆ ಹಚ್ಚಿ ನೋಡಿಯೇ ನೋಡುತ್ತಾರೆ. ನಾನಾದರೂ ನೋಡುತ್ತಿದ್ದೆ. ಆಗ ಮಗಳು ಪಕ್ಕದಲ್ಲಿ ಇಲ್ಲದೆ ಇರುತ್ತಾಳೆಯೇ.

ಠಾಣೆಯ ಫೋನಿನಿಂದ ಮಾಡಿದರೂ ಅವನು ಎತ್ತಲಿಲ್ಲ. ಕೊನೆಗೆ ಬರೆಯುವ ಪೇದೆಯವರು ಅವನಿಗೆ ಮೆಸೇಜ್ ಕಳಿಸುವುದಾಗಿ ಹೇಳಿ, ಏನು ಬರೆಯಬೇಕು ಎಂದು ಕೇಳಿದರು. ನಾನು ಹೇಳಿದ್ದು: ಹಚ್ಚಬಾರದು. ಹಚ್ಚಿ ಆಗಿದ್ದರೆ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ ಗ್ಯಾಸ್ ಬಂದ್ ಮಾಡಬೇಕು. ಬಿರಡೆ ಮುಟ್ಟಬಾರದು. ಬಾಗಿಲು ಹಾಕಿಕೊಂಡು ಒಂದು ಗಂಟೆ ಆ ಕಡೆ ಹೋಗಬಾರದು. ಕೇಸು ಹಾಕುವುದಿಲ್ಲ ಎಂದೂ ಬರೆಯಿರಿ ಎಂದೆ, ಅದಕ್ಕೆ ಮುಖ್ಯಪೇದೆಯವರು ಒಪ್ಪಲಿಲ್ಲ. ಗ್ಯಾಸ್ ಬಂದ್ ಮಾಡೋದು ಬಲಕ್ಕೆ ತಿರುಗಿಸಿ ತಾನೇ, ನಮ್ಮ ಮನೆಯಲ್ಲೂ ಸಿಲಿಂಡರ್ ಇದೆ ಎಂದು ಪೇದೆಯವರು ಕೇಳಿದರು. ನಾನು ಹೌದು ಎಂದು ತಲೆಯಾಡಿಸಿದೆ. ಅವರು ಒಳಗಿನ ಕೋಣೆಗೆ ಹೋದರು.

ಅಷ್ಟರಲ್ಲಿ ಇಂಜಿನನ್ನು ಗುರುತು ಹಿಡಿಯಲು ಅದಕ್ಕೆ ನಾನು ಮಾಡಿರುವ ಬದಲಾವಣೆಗಳನ್ನು ಈ ಹೇಳಿಕೆಯಲ್ಲಿ ಬರೆಯಬೇಕು ಎಂದು ಮುಖ್ಯಪೇದೆಯವರು ತಿಳಿಸಿದ್ದರಿಂದ ಬರೆಯುತ್ತೇನೆ. ಮುಂದಿನ ಬಂಪರ್ ಮೇಲೆ ಎರಡು ಹೊಸ ಸ್ಕ್ರೂ ಇವೆ. ಅಂದಕ್ಕೆಂದು ಇರುವ ಕಲ್ಲಿದ್ದಲ ಪೆಟ್ಟಿಗೆಯ ಕೆಳಗೆ ರಿಮೋಟಿನ ಬ್ಯಾಟರಿಗೆ ಜಾಗ ಕೊರೆದಿದ್ದೇನೆ. ಗ್ಯಾಸಿನ ನಾಬ್ ಮೊದಲು ಒಳಗಡೆ ಬಿಸಿ ಬಾಯ್ಲರಿಗೆ ತಾಗಿಕೊಂಡಂತೆ ಇತ್ತು, ಮೇಷ್ಟ್ರ ಬೆರಳು ಸುಡುತ್ತಿತ್ತು, ಅದಕ್ಕೆ ಹಳೆಯ ಗಡಿಯಾರದ ಎರಡು ಹಲ್ಲುಚಕ್ರ ಜೋಡಿಸಿ ನಾಬನ್ನು ಪಕ್ಕಕ್ಕೆ ತಂದಿದ್ದೇನೆ. ಎರಡು ಚಕ್ರ ಆದದ್ದರಿಂದ ತಿರುಗುವುದು ಉಲ್ಟಾ ಆಯಿತು. ಮೂರನೆಯದಕ್ಕೆ ಜಾಗ ಇರಲಿಲ್ಲ. ಇರಲಿ ಬಿಡಮ್ಮ, ಓಡಿಸುವವನು ನಾನೊಬ್ಬನೇ ತಾನೇ ಎಂದು ಮೇಷ್ಟ್ರು ಹೇಳಿದ್ದರು.

ಈ ಇಂಜಿನ್ನಿನ ಗ್ಯಾಸ್ ಬಂದ್ ಆಗುವುದು ಎಡಕ್ಕೆ. ಬಲಕ್ಕೆ ತಿರುಗಿಸಿದರೆ ಗ್ಯಾಸ್ ಇನ್ನೂ ಹೆಚ್ಚಾಗುತ್ತದೆ.

ಇಷ್ಟು ಬರೆದವಳು ಪೆನ್ನು ಬಿಟ್ಟು ಒಳಗೆ ಓಡಿದೆ. ಮೆಸೇಜ್ ಹೋಗಿ ಆಗಿತ್ತು. ಅವನು ಅದನ್ನು ನೋಡಿದ ಗುರುತೂ ಬಂದಿತ್ತು. ಪೇದೆಯವರು ನನ್ನ ಎದುರಿಗೇ ಇನ್ನೊಂದು ಮೆಸೇಜ್ ಬರೆದರು: ಬಲಕ್ಕೆ ಅಲ್ಲ, ಎಡಕ್ಕೆ. ಅದು ಹೋದದ್ದು ಹನ್ನೆರಡು ಇಪ್ಪತ್ತೆಂಟಕ್ಕೆ. ಕೂಡಲೇ ಫೋನ್ ಮಾಡಿದೆವು, ರಿಂಗ್ ಆಯಿತು. ಮತ್ತೆ ಮಾಡಿದೆವು. ಹೊರಗೆ ಹೋಗಿ ಕೂತು ಉಳಿದದ್ದನ್ನು ಬರೆದು ಮುಗಿಸಿ ಎಂದು ಮುಖ್ಯಪೇದೆಯವರು ಹೇಳಿದ್ದರಿಂದ ಹೊರಗೆ ಬಂದು ಕೂತಿದ್ದೇನೆ.

ಮೇಲೆ ಬರೆದಿರುವುದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇದೆ, ಕನಸು ಒಂದನ್ನು ಬಿಟ್ಟು. ಯಾರ ಒತ್ತಾಯವೂ ಇಲ್ಲ. ತಪ್ಪಿದ್ದರೆ ನನ್ನ ಮೇಲೆ ಕ್ರಮ ತೆಗೆದುಕೊಳ್ಳಬಹುದು.

ಸ್ಥಳ: ಠಾಣೆಯ ಮುಂಭಾಗದ ಬೆಂಚು
ದಿನ: ಭಾನುವಾರ, ಮಧ್ಯಾಹ್ನ ಹನ್ನೆರಡು ಐವತ್ತು
ಸಹಿ: ಕುಕ್ಕರ್ ಚಿಕ್ಕಮ್ಮ

ಪೇದೆಯವರಲ್ಲಿ ವಿನಂತಿ: ಎರಡನೆಯ ಮೆಸೇಜನ್ನು ಅವನು ನೋಡಿದ ಗುರುತು ಬಂದಿದೆಯೇ, ದಯವಿಟ್ಟು ಇನ್ನೊಮ್ಮೆ ನೋಡಿ ಹೇಳಬೇಕು.