ಬಾಯಿಗೂಡಿದ ಎತ್ತಿನ ಬೀಳ್ಕೊಡುಗೆ

ಸಭೆಯ ಅಧ್ಯಕ್ಷರೂ ನಮ್ಮ ಊರಿನ ಒಡೆಯರೂ ಆದ ಕ್ಗೋಸಿ ಲೆಕಾಂಗ್ ಅವರೇ, ಇಂದು ಬೀಳ್ಕೊಡುಗೆ ಪಡೆಯುತ್ತಿರುವ ಮಾಂಸದ ಕಾರ್ಖಾನೆಯ ಖರೀದಿ ಅಧಿಕಾರಿ ಶ್ರೀ ಗಬೊರೆಕ್ವೆ ಅವರೇ, ಅವರ ಜಾಗಕ್ಕೆ ಬಂದಿರುವ ಕುಮಾರಿ ಬೊನೊಲೊ ಅವರೇ, ದನ ಇರುವ, ದನ ಇದ್ದ, ಬೆಲೆ ಹೀಗೇ ಮುಂದುವರಿದರೆ ದನವೇ ಇಲ್ಲದಂತಾಗುವ ನನ್ನ ಸಭಿಕರೇ,

ಮೊಖಾಲೊ ಬೋರ್‌ವೆಲ್ ಸಂಘದ ಅಧ್ಯಕ್ಷನಾಗಿ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾಲ್ಕೇ ಆಡಿ ಕೂತುಬಿಡುತ್ತಿದ್ದೆ. ಆದರೆ ಹೊರಗೆ ಮರದಡಿ ಮೂರು ಕಾಲಿನ ಹಂಡೆಗಳ ಉಸ್ತುವಾರಿ ನೋಡುತ್ತಿರುವ ಮೋಟ್ಸುಮಿ ಈಗಷ್ಟೇ ಕಿಟಕಿಯಿಂದ ಕೈಯಾಡಿಸಿದರು. ಮಾಂಸ ಇನ್ನೂ ಬೆಂದಿಲ್ಲ. ಅದು ಬೆಂದು, ಗಂಡಸರು ಮರದ ಕೋಲಿನಿಂದ ಕುಟ್ಟಿ ಕುಟ್ಟಿ ಸೆಸ್ವಾ ಮಾಡಿ ಮುಗಿಸುವವರೆಗೆ ನಾನು ಮಾತಾಡುತ್ತಿರಬೇಕು ಎಂದು ಸಂಘ ಠರಾವು ಮಾಡಿದೆ. ಹಸಿದವರು ದಯವಿಟ್ಟು ನನ್ನನ್ನು ಬಿಟ್ಟು ಹಂಡೆಯನ್ನು ಬೈಯಿರಿ.

ಗಬೊರೆಕ್ವೆ ಅವರ ಗುಣವನ್ನು ಏನೆಂದು ಹೊಗಳಲಿ? ಅವರು ಎಂದೂ ಸುಳ್ಳು ಹೇಳಿದವರಲ್ಲ. ಬೆಲೆ ಇಳಿದಾಗ ಇಳಿದಿದೆ ಎಂದರು. ಇನ್ನೂ ಇಳಿದಾಗ ಇನ್ನೂ ಇಳಿದಿದೆ ಎಂದರು. ಏರಿದೆ ಎಂದು ಬಾಯಿತಪ್ಪಿಯಾದರೂ ಹೇಳಿ ನಮ್ಮನ್ನು ಒಂದು ಗಳಿಗೆ ಸಂತೋಷಪಡಿಸಿದವರಲ್ಲ. ಇಂಥ ಸತ್ಯವಂತರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ?

ಇನ್ನು ಅವರ ಜಾಣತನ! ಮಾರಾಟದ ದಿನ ನಾವು ದನಗಳಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತೂಕಕ್ಕೆ ಹೊಡೆದುಕೊಂಡು ಬರುತ್ತಿದ್ದೆವು. ಅವರು ಒಂದು ಮಾತೂ ಆಕ್ಷೇಪಿಸುತ್ತಿರಲಿಲ್ಲ. ಮಡಿಸುವ ಕುರ್ಚಿ ಬಿಡಿಸಿ ಕೂತು, ಸ್ವಾಮೀ ಎನ್ನುವಂತೆ ಮರ್ಯಾದೆಯಿಂದ ರ್ರಾ ಎಂದು ಕರೆದು, "ಅವಸರ ಏನಿದೆ ರ್ರಾ, ಮೊದ್ಲು ಟೀ ಕುಡಿಯೋಣ" ಅನ್ನುತ್ತಿದ್ದರು. ಟೀ ಮುಗಿಯುವ ಹೊತ್ತಿಗೆ ನಮ್ಮ ಲಾಭವೆಲ್ಲ ದನಗಳ ಕಾಲಡಿ ಮರಳಿನಲ್ಲಿ ಇಂಗಿಹೋಗಿರುತ್ತಿತ್ತು. ಬೊನೊಲೊ ಅವರೇ, ಇದನ್ನು ನೀವು ಬರೆದುಕೊಳ್ಳುವ ಅಗತ್ಯವಿಲ್ಲ. ಪೆನ್ನು ಒಳಗಿಡಿ.

ನನ್ನ ಎತ್ತು ಥೋಲೊನ ವಿಷಯಕ್ಕೆ ಬರುತ್ತೇನೆ. ಬೂದು ಮೈ, ತಿರುಚಿದ ಕೊಂಬು, ನಡೆದು ಬಂದರೆ ಜನ ದಾರಿ ಬಿಟ್ಟು ನೋಡಬೇಕು. ಅವನನ್ನು ಮೊದಲ ಸಲ ಮಾರಲು ತಂದಾಗ ಇನ್ನೂ ಎರಡು ಹಲ್ಲಿನವನು. ಗಬೊರೆಕ್ವೆ ಅವರು ಬೆಲೆ ಹೇಳಿದರು.

"ಇದೇನು ಎತ್ತಿನ ಬೆಲೆನೋ, ಬರೀ ಬಾಲದ ಬೆಲೆನೋ?" ಅಂದೆ.

"ಬೆಲೆ ಟೌನಿಂದ ಫೋನಲ್ಲಿ ಬರುತ್ತೆ ರ್ರಾ. ನಾನು ಬರೀ ಹೇಳೋನು" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು! ಬೆಲೆ ಏರುವವರೆಗೆ ಕೊಡುವುದಿಲ್ಲ ಎಂದು ಥೋಲೊನನ್ನು ವಾಪಸ್ ಹೊಡೆದುಕೊಂಡು ಹೋದೆ. ಮುಂದಿನ ವರ್ಷ ತಂದರೆ ನಾಲ್ಕು ಹಲ್ಲು ಬಂದಿತ್ತು. ವಯಸ್ಸಾಯಿತು ಎಂದು ದರ್ಜೆ ಇಳಿಸಿದರು. ಮತ್ತೆ ಸಿಟ್ಟು, ಮತ್ತೆ ವಾಪಸ್. ಆರು ಹಲ್ಲಾಯಿತು. ಕೊನೆಗೆ ಎಂಟೂ ಹಲ್ಲು ಬಂದು ಬಾಯಿಗೂಡಿತು. ನಾನು ಬೆಲೆಗಾಗಿ ಕಾಯುತ್ತಿದ್ದೆ, ಹಲ್ಲು ಯಾರಿಗಾಗಿಯೂ ಕಾಯಲಿಲ್ಲ. "ಕಾರ್ಖಾನೆಗೆ ಬುದ್ಧಿ ಕಲಿಸ್ತೀನಿ ಅಂತ ಎತ್ತನ್ನ ಮನೇಲಿಟ್ಕೊಂಡು ಕೂತಿದ್ದೀರಲ್ಲ, ಆ ವಿಷ್ಯ ಕಾರ್ಖಾನೆಗೆ ಗೊತ್ತಾ?" ಎಂದು ನನ್ನ ಹೆಂಡತಿ ಕೇಳಿದಳು. ನಾನು ಥೋಲೊನಿಗೆ ನೀರು ಕುಡಿಸಲು ಎದ್ದುಹೋದೆ. ಈ ಸಭೆಯಲ್ಲಿ ಹೀಗೆ ಎತ್ತು ವಾಪಸ್ ಒಯ್ಯದವರು ಯಾರಿದ್ದಾರೆ? ಕೈ ಎತ್ತಬೇಡಿ. ಕ್ಗೋಸಿಯವರಿಗೆ ಮುಜುಗರವಾಗುತ್ತದೆ.

ನಗಬೇಡಿ. ನಗುವ ವಿಷಯವೇ ಅಲ್ಲ. ನಮ್ಮ ಬೋರ್‌ವೆಲ್ಲಿನ ಎಂಜಿನ್ ದನಗಳಿಗಿಂತ ಮೊದಲು ತಾನು ಕುಡಿಯುತ್ತದೆ, ಅದೂ ಡೀಸೆಲ್. ಮಾಂಸದ ಬೆಲೆ ಇಳಿಯಿತು ಎಂದು ಫೋನ್ ಬರುತ್ತದಲ್ಲ, ಡೀಸೆಲ್ ಇಳಿಯಿತು ಎಂದು ಎಂದಾದರೂ ಬಂದಿದೆಯೇ? ಎತ್ತು ಮಾರಿದ ದುಡ್ಡು ಡೀಸೆಲ್ಲಿಗೂ ಔಷಧಿಗೂ ಹೋದರೆ ಸಾಕಿದವನ ಕೈಗೆ ಬರುವುದು ಹಗ್ಗ ಮಾತ್ರ. ಒಬ್ಬೊಬ್ಬರೇ ದನ ಮಾರಿ ಸಂಘ ಬಿಡುತ್ತಿದ್ದಾರೆ. ಅವರ ಪಾಲಿನ ಖರ್ಚೂ ಉಳಿದವರ ತಲೆಗೆ. ಈ ಸಲದ ಮಾರಾಟವೂ ಹೀಗೇ ಆದರೆ ಮಳೆಗಾಲಕ್ಕೆ ಮುಂಚೆ ಎಂಜಿನ್ ನಿಲ್ಲುತ್ತದೆ. ಎಂಜಿನ್ ನಿಂತ ಮೇಲೆ ಈ ಮರಳಿನಲ್ಲಿ ಯಾವ ದನ ಉಳಿದೀತು? ಅದನ್ನು ನೆನೆದರೆ ನನಗೆ ಅಳು ಬರುತ್ತದೆ. ಮೈಕಿನ ಮುಂದೆಯೇ ಹೇಳುತ್ತಿದ್ದೇನೆ.

ಮೋಟ್ಸುಮಿ ಮತ್ತೆ ಕೈಯಾಡಿಸಿದರು. ಇನ್ನೂ ಇಲ್ಲವಂತೆ. ಹಾಗಾದರೆ ಲಾರಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಒಮ್ಮೆ ಗಬೊರೆಕ್ವೆ ಅವರ ಲಾರಿ ನಮ್ಮ ದನಗಳನ್ನು ತುಂಬಿಕೊಂಡು ಹೋಗುವಾಗ ಮರಳಿನಲ್ಲಿ ಹೂತುಹೋಯಿತು. ಎಳೆದು ಆಚೆ ಹಾಕಿದ್ದು ಥೋಲೊ ಮತ್ತು ಅವನ ಜೊತೆಯ ಎತ್ತುಗಳು. ಬೆಲೆಯಿಲ್ಲದ ಎತ್ತುಗಳು! ಗಬೊರೆಕ್ವೆ ಅವರು ಬೆವರು ಒರೆಸಿಕೊಂಡು ಥೋಲೊನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಯಾರಿಗೂ ಹೇಳ್ಬೇಡಿ ರ್ರಾ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಈ ರೇಟಿಗೆ ಒಂದು ಗೊರಸನ್ನೂ ಕೊಡ್ತಿರ್ಲಿಲ್ಲ."

ಇವತ್ತಿನವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಗೆ ಬಾಯಿಗೆ ಬಂತೋ ಕಾಣೆ. ಬೊನೊಲೊ ಅವರೇ, ಇದನ್ನು ಬೇಕಾದರೆ ಬರೆದುಕೊಳ್ಳಿ.

ಬೆಳಗಿನಿಂದ ಬೇಯದೆ ಕೂತಿರುವುದು ಯಾರ ಮನೆಯ ಎತ್ತಪ್ಪಾ ಎಂದು ಹಿಂದಿನ ಸಾಲಿನವರು ಪಿಸುಗುಟ್ಟುತ್ತಿದ್ದೀರಿ. ಹೌದು, ಥೋಲೊನೇ. ಆ ಬೆಲೆಗೆ ಕಾರ್ಖಾನೆಗೆ ಕೊಡುವ ಬದಲು ಊರಿಗೇ ಊಟವಾಗಲಿ ಎಂದು ಕೊಟ್ಟುಬಿಟ್ಟೆ. ಕಡಿಯುವಾಗ ನಾನು ಅಲ್ಲಿ ನಿಲ್ಲಲಿಲ್ಲ. ಗಬೊರೆಕ್ವೆ ಅವರೇ, ಇಷ್ಟು ವರ್ಷ ನೀವು ಅವನ ಹಲ್ಲು ಎಣಿಸಿದಿರಿ. ಇಂದು ಅವನು ನಿಮ್ಮ ಹಲ್ಲು ಎಣಿಸುತ್ತಾನೆ.

ಇನ್ನು ಕಾಣಿಕೆ. ಶಾಲು ಹೊದಿಸಿ ಕಳಿಸುವುದಕ್ಕೆ ನಾವು ಟೌನಿನವರಲ್ಲ. ಬೇಲಿಯ ಹತ್ತಿರ ಕಟ್ಟಿರುವ ಕೆಂಪು ಕಡಸು ನಿಮ್ಮದು. ಬಾಡಿಗೆ ಮನೆಯಲ್ಲಿ ಎಲ್ಲಿ ಕಟ್ಟಲಿ ಎಂದು ನಿಮ್ಮ ಮುಖವೇ ಕೇಳುತ್ತಿದೆ. ನಮ್ಮ ಮಾಫಿಸಾ ಪದ್ಧತಿ ಇದೆಯಲ್ಲ, ನಿಮ್ಮ ಕಡಸು ನನ್ನ ಹಿಂಡಿನಲ್ಲಿ ಬೆಳೆಯಲಿ. ಹಾಲು ನನಗೆ, ಕರು ನಿಮಗೆ. ನೀರು ಮಾತ್ರ ಸಂಘದ್ದು. ನಮ್ಮ ತೊಟ್ಟಿಗೆ ಯಾರ ದನ ಬಾಯಿ ಹಾಕುತ್ತದೋ ಅವರು ಡೀಸೆಲ್ಲಿನ ಪಾಲು ಕೊಡಬೇಕು. ಇಷ್ಟೊಂದು ದುಡ್ಡೇ ಎಂದು ನನ್ನ ಮೇಲೆ ರೇಗಬೇಡಿ. ಬೆಲೆ ಟೌನಿನಿಂದ ಬರುತ್ತದೆ, ನಾನು ಬರೀ ಹೇಳುವವನು.

ಅಂದಹಾಗೆ, ನಿಮ್ಮ ಪಾಲು ಸೇರಿದರೆ ಎಂಜಿನ್ ಇನ್ನೊಂದಿಷ್ಟು ದಿನ ಓಡುತ್ತದೆ. ಓಡುತ್ತಲೇ ಇದ್ದರೆ ನಿಮ್ಮ ಕರು ಬೆಳೆದು ಎರಡು ಹಲ್ಲಿನದಾಗುತ್ತದೆ. ಅದನ್ನು ನೀವೇ ಮಾರಾಟಕ್ಕೆ ಹೊಡೆದುಕೊಂಡು ಬರುತ್ತೀರಿ. ಬೊನೊಲೊ ಅವರು ಕುರ್ಚಿ ಬಿಡಿಸಿ, ಮೊದಲು ಟೀ ಕುಡಿಯೋಣ ಅನ್ನುತ್ತಾರೆ. ಆಮೇಲೆ ಬೆಲೆ ಹೇಳುತ್ತಾರೆ. ಆಗ ನೀವು ಏನನ್ನುತ್ತೀರಿ ಎಂದು ಕೇಳಲು ಸಾಲಿನಲ್ಲಿ ನಿಮ್ಮ ಹಿಂದೆಯೇ ನಾನು ನಿಂತಿರುತ್ತೇನೆ. ಸಿಟ್ಟು ಬಂದು ನೀವು ಕರುವನ್ನು ವಾಪಸ್ ಹೊಡೆದುಕೊಂಡು ಹೊರಟರೆ ಜೊತೆಗೆ ನಾನೂ ಬರುತ್ತೇನೆ. ಆ ದಾರಿ ನನಗೆ ಚೆನ್ನಾಗಿ ಗೊತ್ತು.

ಮೋಟ್ಸುಮಿ ಎರಡೂ ಕೈ ಎತ್ತಿದ್ದಾರೆ. ಮಾಂಸ ಬೆಂದಿತೋ, ಅವರೇ ಸೋತರೋ ತಿಳಿಯದು. ಹಸಿವನ್ನು ತಡೆದು ಕೇಳಿದ ನಿಮಗೂ, ಕೊನೆಯವರೆಗೂ ಬೇಯದೆ ನನಗೆ ಮಾತಾಡಲು ಅವಕಾಶ ಕೊಟ್ಟ ಥೋಲೊಗೂ ಧನ್ಯವಾದ ಹೇಳಿ ಮೈಕು ಬಿಡುತ್ತೇನೆ. ಮಳೆ ಬರಲಿ. ಪುಲಾ! ಎಲ್ಲರಿಗೂ ನಮಸ್ಕಾರ.