ಹದಿಮೂರು ಕಿಲೋದ ಗೆರೆ

ನಮ್ಮ ಊರಿನಲ್ಲಿ ಮೂರು ವರ್ಷದ ಒಂದು ಮಗುವನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ ಇಡಲಾಗಿದೆ.

ವಂದನೆಗೆ ಮೊದಲೇ ಇದನ್ನು ಹೇಳಿಬಿಟ್ಟೆ, ಕ್ಷಮೆಯಿರಲಿ. ಈಗ ಕ್ರಮದ ಪ್ರಕಾರ: ಸಭೆಯ ಅಧ್ಯಕ್ಷರೂ ಇಂದು ಹತ್ತನೇ ವಾರ್ಷಿಕೋತ್ಸವ ಆಚರಿಸುತ್ತಿರುವ ಖಾಸಗಿ ಆಸ್ಪತ್ರೆಯ ಒಡೆಯರೂ ಆದ ಡಾಕ್ಟರ್ ವೆಲಿಜಾರ್ ಅವರೇ, ಮಾನ್ಯ ಪುರಸಭಾಧ್ಯಕ್ಷರೇ, ಪೂಜ್ಯ ಪಾದ್ರಿಗಳೇ, ಅಂಗಳದಲ್ಲಿ ಸುಟ್ಟ ಕುರಿಮಾಂಸ ತಿಂದು ಬಂದು ಈಗ ಕಣ್ಣು ತೆರೆದಿರಲು ಹೆಣಗುತ್ತಿರುವ ಲಿಪೋವಾರದ ಸಭಿಕರೇ,

ಪುಟ್ಟ ಲೆಂಕಾಳ ಚಿಕಿತ್ಸೆಗಾಗಿ ಸಹಾಯಾರ್ಥ ಊಟ ಏರ್ಪಡಿಸಿದ್ದಕ್ಕೆ ನಮ್ಮ ಯುವಕ ಸಂಘಕ್ಕೆ ಇಂದು ಸನ್ಮಾನ. ಸಂಘದ ಪರವಾಗಿ ಎರಡು ಮಾತು ಆಡು ಎಂದಿದ್ದಾರೆ. ಊಟ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದೀರಿ. ಬಂದ ಹಣದಲ್ಲಿ ಅವಳಿಗೆ ಬೇಕಾದ ಔಷಧಿಯ ಸೀಸೆಯ ಮುಚ್ಚಳ ಬರಬಹುದು. ಔಷಧಿ ಬರುವುದಿಲ್ಲ.

ಲೆಂಕಾಳಿಗೆ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಒಂದೇ ಒಂದು ಸಲ ಕೊಡುವ ಔಷಧಿ ಅದನ್ನು ತಡೆಯಬಲ್ಲದು. ಸರ್ಕಾರದ ಆರೋಗ್ಯ ನಿಧಿ ಅದನ್ನು ಪುಕ್ಕಟೆ ಕೊಡುತ್ತದೆ, ಮಗು ಹದಿಮೂರು ಕಿಲೋ ದಾಟಿರದಿದ್ದರೆ ಮಾತ್ರ. ದಾಟಿದರೆ ಇಲ್ಲ. ತೂಗುವ ಸಮಿತಿ ಬೆಲ್‌ಗ್ರೇಡಿನಲ್ಲಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಮಕ್ಕಳು ಮಾತ್ರ ದಿನಾ ಬೆಳೆಯುತ್ತವೆ. ಸಮಿತಿಗಿರುವ ಶಿಸ್ತು ಅವಕ್ಕೆಲ್ಲಿದೆ?

ನಾನು ವೈದ್ಯನಲ್ಲ. ನನ್ನ ವಿದ್ಯೆಯೆಲ್ಲ ಜಿಲ್ಲಾ ಆಸ್ಪತ್ರೆಯ ಮೊಗಸಾಲೆಯಲ್ಲಿ ಇಟ್ಟಿರುತ್ತಾರಲ್ಲ, ಆ ಕರಪತ್ರಗಳದು. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಗೆ ಸರದಿ ಕಾಯುತ್ತ ನಾನು ಅವನ್ನೆಲ್ಲ ಓದಿ ಮುಗಿಸಿದೆ. ಹಾಲೂಡಿಸುವ ತಾಯಂದಿರಿಗಾಗಿ ಬರೆದದ್ದನ್ನೂ ಓದಿದೆ. ಅಪ್ಪ ತೀರಿಕೊಂಡ ನಲವತ್ತನೇ ದಿನ, ಮನೆಯಲ್ಲಿ ಬಂಧುಗಳು ತಿಥಿಯ ಊಟಕ್ಕೆ ಕೂತಿದ್ದಾಗ ಫೋನು ಬಂತು. "ನಿಮ್ಮ ಸರದಿ ಬಂದಿದೆ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ." ನನ್ನ ಅಮ್ಮ ಯಾರಿಗೂ ನೋವು ಮಾಡುವವಳಲ್ಲ. "ಅವ್ರು ಮನೇಲಿಲ್ಲಮ್ಮಾ" ಎಂದು ಹೇಳಿ ಫೋನು ಇಟ್ಟಳು. ಇದನ್ನು ತಮಾಷೆಗೆ ಹೇಳಿದೆ. ನಗಬಹುದು. ನಾವು ಮನೆಯಲ್ಲಿ ಇದಕ್ಕೆ ನಗುತ್ತೇವೆ. ಒಮ್ಮೊಮ್ಮೆ.

ಇರಲಿ, ಲೆಂಕಾಳ ಮಾತಿಗೆ ಬರುತ್ತೇನೆ. ಅವಳ ಅಜ್ಜಿ ದೇಸಾಂಕಾ ನಿಮಗೆಲ್ಲ ಗೊತ್ತು. ಶಾಲೆಯ ಅಡುಗೆಮನೆಯಲ್ಲಿ ನಮಗೆಲ್ಲ ಬಡಿಸಿದವಳು. ತಟ್ಟೆಯಲ್ಲಿ ಬೀನ್ಸ್ ಬಿಟ್ಟರೆ ಕಿವಿ ಹಿಂಡಿದವಳು. ಮೊನ್ನೆ ನನಗೆ ಹೇಳಿದಳು: "ಇಡೀ ಊರಿನ ಮಕ್ಕಳಿಗೆ ಬಡಿದು ಉಣ್ಣಿಸ್ದೆ ಕಣಪ್ಪಾ. ಈಗ ಸ್ವಂತ ಮೊಮ್ಮಗಳ ಕೈಯಿಂದ ರೊಟ್ಟಿ ಕಿತ್ಕೋತಿದೀನಿ. ಅದು ಅಳೋದೂ ಇಲ್ಲ. 'ತಿನ್ನಲ್ಲಜ್ಜಿ, ಮೂಸಿ ಕೊಟ್ಬಿಡ್ತೀನಿ' ಅನ್ನತ್ತೆ."

ಮೂಸಿ ಕೊಟ್ಟುಬಿಡುತ್ತಾಳಂತೆ, ಸಭಿಕರೇ.

ದೇಸಾಂಕಾಳ ಮನೆಯವರ ಮನೆದೇವರು ಸಂತ ಯೋವಾನ್. ಹಬ್ಬದ ದಿನ ಬಂದವರೆಲ್ಲ ಬಾಗಿಲಲ್ಲೇ ಒಂದು ಚಮಚ ಸಿಹಿ ಗೋಧಿ ಬಾಯಿಗೆ ಹಾಕಿಕೊಂಡು ಒಳಗೆ ಹೋಗುತ್ತೇವೆ. ಬೇಡ ಎನ್ನುವ ಹಾಗಿಲ್ಲ. ಈ ಸಲ ಬಂದವರೆಲ್ಲ ತಾವು ತಿಂದರು, ಮತ್ತೆ ಲೆಂಕಾಳ ಕುರ್ಚಿಯತ್ತ ನಡೆದರು. "ಅಯ್ಯೋ, ಕಡ್ಡಿಯಾಗಿದೆ ಮಗು! ಸಂತನ ಪ್ರಸಾದ, ಒಂದು ಚಮಚಕ್ಕೆ ಏನಾಗತ್ತೆ?" ಒಂದು ಚಮಚಕ್ಕೆ ಏನೂ ಆಗುವುದಿಲ್ಲ. ಆದರೆ ನಮ್ಮೂರಿನಲ್ಲಿ ಒಳ್ಳೆಯ ಮನಸ್ಸಿನವರು ಬಹಳ. ಎಲ್ಲರೂ ಒಂದೊಂದೇ ಚಮಚ ಕೊಟ್ಟರು. ಮಗು ಯಾರಿಗೂ ಬೇಡ ಎನ್ನಲಿಲ್ಲ. ಎಷ್ಟು ದಿನದ ಹಸಿವೋ!

ಕೊನೆಗೆ ದೇಸಾಂಕಾ ಎದ್ದು, ಅತಿಥಿಗಳ ಮುಂದೆಯೇ ಗೋಧಿಯ ಬಟ್ಟಲು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಯಾರ ಮನೆಯಲ್ಲೂ ಕಂಡು ಕೇಳದ ಕೆಲಸ. ಪಕ್ಕದ ಮನೆಯ ವುಕೊಸಾವಾ ಚಿಕ್ಕಮ್ಮ, ಇಲ್ಲೇ ನಾಲ್ಕನೇ ಸಾಲಿನಲ್ಲಿದ್ದಾರೆ, ನಮಸ್ಕಾರ ಚಿಕ್ಕಮ್ಮ, ಸೊಂಟಕ್ಕೆ ಕೈಯಿಟ್ಟು ಹೇಳಿದರು: "ಸಂತನ ಗೋಧಿಗೆ ಬೀಗ ಹಾಕಿದವಳು ಈ ಊರಲ್ಲಿ ನೀನೊಬ್ಳೇ ಕಣೇ ದೇಸಾಂಕಾ."

"ಹೌದು ಕಣೇ. ಸಂತನೇ ಬಂದು ಕೇಳಿದ್ರೆ ಕೀಲಿ ಕೊಡ್ತೀನಿ. ನೀ ಕೇಳಿದ್ರೆ ಕೊಡಲ್ಲ."

ಅತಿಥಿಗಳು ಮುನಿಸಿಕೊಂಡು ಹೋದರು. ಮರುದಿನ ತೂಕ ನೋಡಿದರೆ, ಹದಿಮೂರಕ್ಕೆ ಒಂದು ಸೇಬಿನಷ್ಟು ಮಾತ್ರ ಕಡಿಮೆ. ಆ ಸೇಬನ್ನು ಲೆಂಕಾ ತಿನ್ನುವ ಹಾಗಿಲ್ಲ.

ಆರೋಗ್ಯ ನಿಧಿಯವರನ್ನು ನಾನು ರಾಕ್ಷಸರೆನ್ನುವುದಿಲ್ಲ. ಔಷಧಿ ದುಬಾರಿ, ಬೊಕ್ಕಸ ಚಿಕ್ಕದು, ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು. ಒಪ್ಪಿದೆ. ಆದರೆ ಅದನ್ನು ಹಣದ ಗೆರೆ ಎಂದು ಹೇಳಿ. ವಿಜ್ಞಾನದ ಗೆರೆ ಎನ್ನಬೇಡಿ.

ಯಾಕೆ ಹೀಗೆ ಹೇಳುತ್ತೇನೆಂದರೆ, ನಮ್ಮ ಡಾಕ್ಟರ್ ವೆಲಿಜಾರ್ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದ ಮುಖ್ಯಸ್ಥರು, ನಿಧಿಯ ಸಮಿತಿಯ ಸದಸ್ಯರು. ಮಧ್ಯಾಹ್ನ ತಮ್ಮದೇ ಆಸ್ಪತ್ರೆಯ ಒಡೆಯರು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಲೆಂಕಾಳ ತಾಯಿ ಬೊಯಾನಾ ಒಂದು ದಿನ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ಅವರನ್ನು ಕಂಡಳು. "ನನ್ನ ಕೈಲೇನಿದೆಯಮ್ಮಾ, ಹದಿಮೂರು ದಾಟಿದ್ರೆ ಜೀವಕ್ಕೇ ಅಪಾಯ" ಎಂದರು. ತಡೆಯಲಾರದೆ ಅದೇ ಮಧ್ಯಾಹ್ನ ಇಲ್ಲಿಗೆ, ಅವರ ಈ ಖಾಸಗಿ ಆಸ್ಪತ್ರೆಗೆ ಬಂದಳು. ಇಲ್ಲಿ ಕಾಫಿ ಕೊಟ್ಟರು. "ಹದಿನೈದಾದ್ರೂ ಚಿಂತೆಯಿಲ್ಲ, ದುಡ್ಡು ಹೊಂದಿಸ್ಕೊಳ್ಳಿ, ನಿಗಾ ಇಟ್ಟು ಕೊಡೋಣ" ಎಂದರು.

"ಬೆಳಿಗ್ಗೆ ಅಪಾಯ ಅಂದ್ರಲ್ಲ ಡಾಕ್ಟ್ರೇ?"

"ಅದು ಅಲ್ಲಿನ ಮಾತು."

ಅದೇ ವೈದ್ಯರು. ಅದೇ ಮಗು. ಅದೇ ತೂಕ. ನಡುವೆ ಇದ್ದದ್ದು ಒಂದು ಊಟದ ಹೊತ್ತು. ಬೆಳಗಿನ ಡಾಕ್ಟರು ಮಧ್ಯಾಹ್ನದ ಡಾಕ್ಟರನ್ನು ಒಮ್ಮೆ ಭೇಟಿಯಾಗಿ ಸಲಹೆ ಕೇಳಿದ್ದರೆ? ಇಬ್ಬರೂ ಒಂದೇ ಕೋಟು ಹಾಕುತ್ತಾರೆ, ಪರಿಚಯವೇ ಇಲ್ಲದಿರುತ್ತದೆಯೇ?

ಪುರಸಭಾಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ.

ಈ ಗುರುವಾರ ಬೆಲ್‌ಗ್ರೇಡಿನಲ್ಲಿ ಲೆಂಕಾಳನ್ನು ತೂಗುತ್ತಾರೆ. ನಮ್ಮ ಸಂಘ ಒಂದು ಬಸ್ಸು ಮಾಡಿಕೊಂಡು ಅವಳ ಜೊತೆಗೇ ಹೋಗುತ್ತಿದೆ. ಅಲ್ಲಿಯವರೆಗೆ ಅವರ ಮನೆಗೆ ಹೋಗುವವರು ಕೈಬೀಸಿಕೊಂಡು ಹೋಗಿ. ಮಗುವಿಗೆ ಕಥೆ ಹೇಳಿ, ಮುತ್ತು ಕೊಡಿ. ಅವಕ್ಕೆ ತೂಕವಿಲ್ಲ. ತಕ್ಕಡಿಯ ಮುಳ್ಳು ಗೆರೆಯ ಒಳಗೆ ನಿಂತರೆ ನಾವು ಚಪ್ಪಾಳೆ ತಟ್ಟಿ, ಆ ಮಗುವನ್ನು ಅಲ್ಲೇ ಸಮಿತಿಯ ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿ ಹೊಟ್ಟೆ ತುಂಬ ಉಣ್ಣಿಸಿ ಮನೆಗೆ ಬರುತ್ತೇವೆ. ಗೆರೆ ದಾಟಿದರೂ ಮೊದಲು ಉಣ್ಣಿಸುತ್ತೇವೆ. ಆಮೇಲೆ, ಮಧ್ಯಾಹ್ನ ಸರಿಯಾದದ್ದು ಬೆಳಿಗ್ಗೆಯೂ ಸರಿ ಎಂದು ಸಮಿತಿ ಬರೆದು ಸಹಿ ಹಾಕುವವರೆಗೆ ಆ ಮೆಟ್ಟಿಲಿನಿಂದ ಒಬ್ಬರೂ ಏಳುವುದಿಲ್ಲ. ಸಮಿತಿಯವರು ನಮ್ಮನ್ನು ದಾಟಿಕೊಂಡೇ ಮನೆಗೆ ಹೋಗಬೇಕು.

ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಧನ್ಯವಾದ. ಸನ್ಮಾನಕ್ಕೂ ಧನ್ಯವಾದ. ಡಾಕ್ಟರ್ ವೆಲಿಜಾರ್ ಅವರೇ, ಬಸ್ಸಿನಲ್ಲಿ ಮುಂದಿನ ಸೀಟು ನಿಮಗೇ ಇಟ್ಟಿದ್ದೇವೆ. ಲೆಂಕಾ ನಿಮ್ಮ ಪಕ್ಕದಲ್ಲೇ, ಅಜ್ಜಿಯ ತೊಡೆಯ ಮೇಲೆ ಕೂರುತ್ತಾಳೆ. ಮಧ್ಯಾಹ್ನ ನಿಮಗೆ ಬಿಡುವಿರುವುದಿಲ್ಲವೆಂದು ಬೆಳಿಗ್ಗೆಯೇ ಹೊರಡುತ್ತಿದ್ದೇವೆ: ಗುರುವಾರ, ಐದು ಗಂಟೆಗೆ, ಜಿಲ್ಲಾ ಆಸ್ಪತ್ರೆಯ ಗೇಟಿನ ಮುಂದೆ. ಎಲ್ಲರಿಗೂ ನಮಸ್ಕಾರ.